ಸಂಚಕಾರ ಕೊಟ್ಟ ಮೇಲೆ

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ‘90 ದಿನ’ ಎಂದರೆ ಎಲ್ಲರಿಗೂ ಒಂದೇ ಅರ್ಥ. ರಾಜೀನಾಮೆ ಕೊಟ್ಟ ದಿನದಿಂದ ಬಿಡುಗಡೆಯಾಗುವ ದಿನದವರೆಗಿನ ನೋಟಿಸ್ ಅವಧಿ. ಎಲ್ಲ ಕಡೆಯೂ 90 ಇರುವುದಿಲ್ಲ. 30, 60 ಇರುವ ಕಡೆಗಳೂ ಇವೆ. ಆದರೆ ದೊಡ್ಡ ಕಂಪನಿಗಳಲ್ಲಿ ಅನೇಕವು ಮೂರು ತಿಂಗಳಿಗೇ ಅಂಟಿಕೊಂಡಿವೆ. ಈ ಮೂರು ತಿಂಗಳು ಮನುಷ್ಯ ಹಳೆಯ ಮನೆಗೂ ಹೊಸ ಮನೆಗೂ ನಡುವಿನ ಬೀದಿಯಲ್ಲಿ ನಿಂತಿರುತ್ತಾನೆ. ವಿಚಿತ್ರವೆಂದರೆ ಅವನಿಗೆ ಬೇಡಿಕೆ ಹೆಚ್ಚುವುದು ಆಗಲೇ. ಕೆಲಸಕ್ಕೆ ಜನ ಹುಡುಕುವವರಿಗೆ ಮೂರು ತಿಂಗಳು ಕಾಯುವ ತಾಳ್ಮೆ ಇರುವುದಿಲ್ಲ. ‘ಈಗಾಗಲೇ ನೋಟಿಸ್‌ನಲ್ಲಿದ್ದೇನೆ, ಇನ್ನು 40 ದಿನಕ್ಕೆ ಬರಬಲ್ಲೆ’ ಎನ್ನುವವನೇ ಅವರಿಗೆ ಬೇಕು. ಹೀಗೆ ಒಂದು ಆಫರ್ ಇನ್ನೊಂದನ್ನು ಕರೆಯುತ್ತದೆ, ಎರಡನೆಯದು ಮೂರನೆಯದನ್ನು. ನಿಶ್ಚಿತಾರ್ಥವಾದ ಹುಡುಗನ ಮನೆಗೇ ಹೊಸ ಜಾತಕಗಳು ಬಂದಂತೆ.

ಮೊದಲನೆಯವರಿಗೆ ‘ಒಪ್ಪಿದ್ದೇನೆ’ ಎಂದು ಸಹಿ ಹಾಕಿ ಕಳಿಸಿದ ಮೇಲೆ, ಅದೇ ಪತ್ರವನ್ನು ಎರಡನೆಯವರಿಗೆ ತೋರಿಸಿ ಇನ್ನಷ್ಟು ಕೇಳುವುದು ತಪ್ಪೇ? ಬಹಳ ವರ್ಷ ಸಂದರ್ಶನದ ಮೇಜಿನ ಒಂದು ಬದಿಯಲ್ಲಿ ಕೂತವನು ನಾನು. ಅದಕ್ಕೂ ಮೊದಲು ಇನ್ನೊಂದು ಬದಿಯಲ್ಲಿ ಕೂತವನು. ಎರಡೂ ಬದಿಯ ಗೆಳೆಯರಲ್ಲಿ ಈ ಪ್ರಶ್ನೆ ಕೇಳಿದ್ದೇನೆ. ಹೆಚ್ಚಿನವರ ಉತ್ತರ ಒಂದೇ: ‘ಅದರಲ್ಲೇನಿದೆ ಮಾರಾಯ, ಅದು ಬಿಸಿನೆಸ್.’ ಇದು ಉತ್ತರವಲ್ಲ. ಈ ಪ್ರಶ್ನೆಯನ್ನು ಕೇಳಬೇಡ ಎಂಬ ಕೋರಿಕೆ.

ಕಾನೂನು ಇಲ್ಲಿ ಅಷ್ಟಾಗಿ ಸಹಾಯಕ್ಕೆ ಬರುವುದಿಲ್ಲ. ಇಷ್ಟವಿಲ್ಲದವರನ್ನು ಹಿಡಿದು ತಂದು ಕೆಲಸಕ್ಕೆ ಹಚ್ಚಿ ಎಂದು ನಮ್ಮ ನ್ಯಾಯಾಲಯಗಳು ಆದೇಶಿಸುವುದಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 27ನೇ ಸೆಕ್ಷನ್, ಒಬ್ಬರ ವೃತ್ತಿಗೆ ಅಡ್ಡಬರುವ ಕರಾರು ಆ ಮಟ್ಟಿಗೆ ಅನೂರ್ಜಿತ ಎನ್ನುತ್ತದೆ. ಸೇರಿದ ಮೇಲೆ ಅವಧಿಗೆ ಮುನ್ನ ಬಿಟ್ಟರೆ ಹಣ ಕೊಡಬೇಕೆಂಬ ಷರತ್ತಿನ ಮಾತು ಬೇರೆ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಸಾರ್ವಜನಿಕ ವಲಯದ ಬ್ಯಾಂಕೊಂದರ ಪ್ರಕರಣದಲ್ಲಿ ಅಂಥ 2 ಲಕ್ಷ ರೂಪಾಯಿಯ ಷರತ್ತನ್ನು ಎತ್ತಿಹಿಡಿದಿದೆ. ಆದರೆ ಆಫರ್ ಒಪ್ಪಿ ಬಾರದೇ ಹೋದವನ ಬೆನ್ನು ಹತ್ತಿ ಕೋರ್ಟಿಗೆ ಹೋಗುವ ಕಂಪನಿ ಅಪರೂಪ. ಖರ್ಚು ಹೆಚ್ಚು, ಸಿಗುವುದು ಕಡಿಮೆ. ಹಾಗಾಗಿ ಇದು ಪೂರ್ತಿಯಾಗಿ ನಮ್ಮ ನಮ್ಮ ಮನಸ್ಸಾಕ್ಷಿಗೆ ಬಿಟ್ಟ ಜಾಗ. ಯಾರೂ ಹಿಡಿಯದ ಜಾಗದಲ್ಲಿ ನಾವು ಹೇಗೆ ನಡೆದುಕೊಳ್ಳುತ್ತೇವೆ ಎಂಬುದೇ ನೀತಿಯ ಪ್ರಶ್ನೆ ಅಲ್ಲವೇ.

‘ಅದು ಬಿಸಿನೆಸ್’ ಎಂಬ ಮಾತಿಗೆ ಒಂದು ಗೌರವಾನ್ವಿತ ರೂಪವೂ ಇದೆ. 1968ರಲ್ಲಿ ಆಲ್ಬರ್ಟ್ ಕಾರ್ ಎಂಬಾತ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಒಂದು ಲೇಖನ ಬರೆದ. ವ್ಯವಹಾರ ಎನ್ನುವುದು ಪೋಕರ್ ಆಟದಂತೆ, ಅಲ್ಲಿ ಕೈಯಲ್ಲಿಲ್ಲದ ಎಲೆಯನ್ನು ಇದೆ ಎಂಬಂತೆ ನಟಿಸುವುದು ಆಟದ ಭಾಗ, ಮನೆಯ ನೀತಿಯನ್ನು ಅಲ್ಲಿಗೆ ತರಬಾರದು ಎಂಬುದು ಅವನ ವಾದ. ಆ ಲೇಖನದ ಬಗ್ಗೆ ಆಗ ಜೋರು ಗಲಾಟೆಯಾಯಿತು. ಇಂದಿಗೂ ಮ್ಯಾನೇಜ್‌ಮೆಂಟ್ ಶಾಲೆಗಳಲ್ಲಿ ಓದಿಸುತ್ತಾರೆ. ನನಗೆ ಅವನ ಮೇಲಿರುವ ತಕರಾರು ಸರಳ. ಪೋಕರ್ ಆಡುವವರೆಲ್ಲ ಆಡಲೆಂದೇ ಕೂತವರು. ಬೇಡವೆನಿಸಿದರೆ ಎದ್ದು ಹೋಗಬಹುದು. ಮನೆ ಬಾಡಿಗೆ, ಅಪ್ಪನ ಡಯಾಲಿಸಿಸ್, ತಂಗಿಯ ಫೀಸು ಹೊತ್ತು ಬಂದ ಹುಡುಗಿಗೆ ಈ ಮೇಜಿನಿಂದ ಎದ್ದು ಹೋಗುವ ಸೌಕರ್ಯವಿಲ್ಲ.

ನನಗೆ ಪೋಕರ್‌ಗಿಂತ ದನಗಳ ಜಾತ್ರೆ ಹತ್ತಿರದ ಹೋಲಿಕೆ ಅನ್ನಿಸುತ್ತದೆ. ನಮ್ಮ ತಾತನ ಕಡೆಯವರು ಚನ್ನರಾಯಪಟ್ಟಣದ ಸೀಮೆಯವರು, ಬೂಕನಬೆಟ್ಟದ ಜಾತ್ರೆಗೆ ಎತ್ತು ಹೊಡೆದುಕೊಂಡು ಹೋಗುತ್ತಿದ್ದವರು. ಅಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಟವೆಲ್ಲಿನ ಕೆಳಗೆ ಕೈ ಹಿಡಿದು ಬೆರಳಲ್ಲಿ ಮಾತಾಡುತ್ತಾರೆ. ಸುತ್ತ ಹತ್ತು ಜನ ನಿಂತಿದ್ದರೂ ಇವರಿಬ್ಬರ ನಡುವೆ ಏನು ನಡೆಯಿತೆಂದು ಯಾರಿಗೂ ತಿಳಿಯದು. ಮಾರುವವನು ತನ್ನ ಮನಸ್ಸಿನಲ್ಲಿರುವ ಕಟ್ಟಕಡೆಯ ಬೆಲೆಯನ್ನು ಹೇಳುವುದಿಲ್ಲ, ಹೇಳಬೇಕೆಂದು ಯಾರೂ ನಿರೀಕ್ಷಿಸುವುದೂ ಇಲ್ಲ. ಆದರೆ ಎತ್ತಿನ ಬಾಯಿ ಮಾತ್ರ ಎಲ್ಲರೆದುರು ತೆರೆಯಬೇಕು. ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದೆಯೋ ಕೊಳ್ಳುವವನು ನೋಡಿಯೇ ನೋಡುತ್ತಾನೆ. ಮಾತು ಕುದುರಿ ಸಂಚಕಾರ ಕೈಗೆ ಬಿದ್ದ ಮೇಲೆ, ಪಕ್ಕದ ಊರಿನವನು ಬಂದು ಸಾವಿರ ಹೆಚ್ಚು ಕೊಡುತ್ತೇನೆಂದರೂ ‘ಆಗಿಹೋಯ್ತು ಕಣಪ್ಪ’ ಎನ್ನಬೇಕು. ಸಂಚಕಾರ ತೆಗೆದುಕೊಂಡು ತಿರುಗಿ ಮಾರಿದವನ ಹೆಸರು ಮುಂದಿನ ವರ್ಷದ ಜಾತ್ರೆಗೂ ಅವನಿಗಿಂತ ಮುಂಚೆ ತಲುಪುತ್ತಿತ್ತು.

ಉದ್ಯೋಗದ ಜಾತ್ರೆಯಲ್ಲಿ ಮಾರುವವನೂ ಎತ್ತೂ ಒಬ್ಬನೇ ಎಂಬುದು ನಿಜ. ಆ ಮುಜುಗರವನ್ನು ನುಂಗಿಕೊಂಡರೆ ಹೋಲಿಕೆ ಉಪಯೋಗಕ್ಕೆ ಬರುತ್ತದೆ. ‘15 ಲಕ್ಷಕ್ಕಿಂತ ಕಡಿಮೆಗೆ ನನಗೆ ಕಷ್ಟ’ ಎಂದು 13ಕ್ಕೆ ಒಪ್ಪುವುದು ಸುಳ್ಳಲ್ಲ. ಅದು ಟವೆಲ್ಲಿನ ಕೆಳಗಿನ ಬೆರಳು. ಎದುರಿನವರಿಗೂ ಆ ಭಾಷೆ ಗೊತ್ತು, ಅವರೂ ಅದನ್ನೇ ಆಡುತ್ತಿದ್ದಾರೆ. ‘ಇನ್ನೊಂದು ಕಂಪನಿಯ 18 ಲಕ್ಷದ ಪತ್ರ ಕೈಯಲ್ಲಿದೆ’ ಎಂದು ಇಲ್ಲದ ಪತ್ರವನ್ನು ಹೇಳುವುದು ಹಲ್ಲು ಉಜ್ಜಿ ವಯಸ್ಸು ಮುಚ್ಚಿದಂತೆ. ಮೊದಲನೆಯದು ನನ್ನ ಆಸೆಯ ಬಗ್ಗೆ ಆಡಿದ ಮಾತು, ಎರಡನೆಯದು ಜಗತ್ತಿನ ಬಗ್ಗೆ ಆಡಿದ ಮಾತು. ಮಾಡದ ಪ್ರಾಜೆಕ್ಟು, ದುಡ್ಡು ಕೊಟ್ಟು ತಂದ ಅನುಭವದ ಪತ್ರ, ತನ್ನ ಬದಲು ಇನ್ನೊಬ್ಬನನ್ನು ಆನ್‌ಲೈನ್ ಸಂದರ್ಶನಕ್ಕೆ ಕೂರಿಸುವುದು, ಇವುಗಳ ಬಗ್ಗೆ ಹೆಚ್ಚು ಬರೆಯಬೇಕಿಲ್ಲ. ಅವು ಮೋಸ. ಮಾಡುವವರಿಗೂ ಗೊತ್ತು.

ಕಷ್ಟವಿರುವುದು ‘ನಿಮ್ಮ ಈಗಿನ ಸಂಬಳ ಎಷ್ಟು?’ ಎಂಬ ಪ್ರಶ್ನೆಯಲ್ಲಿ.

ನಮ್ಮಲ್ಲಿ ಇದು ಹೆಸರು ಕೇಳುವಷ್ಟು ಸಹಜ. ಅರ್ಜಿಯಲ್ಲಿ ಆ ಕಾಲಂ ತುಂಬದಿದ್ದರೆ ಎಷ್ಟೋ ಕಡೆ ಮುಂದಿನ ಪುಟವೇ ತೆರೆಯುವುದಿಲ್ಲ. ಕೊನೆಗೆ ಮೂರು ತಿಂಗಳ ಪೇ ಸ್ಲಿಪ್ ಬೇರೆ ಕೇಳುತ್ತಾರೆ. ಹಳೆಯ ಸಂಬಳದ ಮೇಲೆ ಶೇಕಡಾ ಇಷ್ಟು ಎಂದು ಏರಿಸಿ ಹೊಸದನ್ನು ನಿಗದಿ ಮಾಡುವುದು ವಾಡಿಕೆ. ಅಂದರೆ 22ನೇ ವಯಸ್ಸಿನಲ್ಲಿ, ಯಾವುದೋ ಮಂದಿ ಕಡಿಮೆ ಬೇಕಾಗಿದ್ದ ವರ್ಷದಲ್ಲಿ, ಸಿಕ್ಕಿದ್ದಕ್ಕೆ ಹೂಂ ಎಂದವನ ಮೊದಲ ಸಂಬಳ ಅವನ ಮುಂದಿನ ಎಲ್ಲ ಸಂಬಳಗಳ ಹಣೆಬರಹವಾಗುತ್ತದೆ. ಮಗುವಿಗಾಗಿ ಎರಡು ವರ್ಷ ಬಿಟ್ಟು ಮರಳಿದ ಹೆಂಗಸಿಗೆ ಇನ್ನೂ ಕಷ್ಟ. ಈ ಕಾರಣಕ್ಕೇ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 2016ರಲ್ಲಿ ಕಾನೂನು ಮಾಡಿ, ಆಫರ್ ಕೊಡುವ ಮುನ್ನ ಹಳೆಯ ಸಂಬಳ ಕೇಳುವುದನ್ನು ನಿಷೇಧಿಸಿತು. ಕ್ಯಾಲಿಫೋರ್ನಿಯಾದಲ್ಲಿ 2018ರ ಜನವರಿಯಿಂದ ಅಂಥದ್ದೇ ಕಾನೂನು ಬಂತು. ಆ ಕಾನೂನು ಪಾಲಿಸುವ ಕಂಪನಿಯೇ ಬೆಂಗಳೂರಿನ ತನ್ನ ಶಾಖೆಯಲ್ಲಿ ಅದೇ ಪ್ರಶ್ನೆಯನ್ನು ನಿರಾಳವಾಗಿ ಕೇಳಬಹುದು.

ಕೇಳಬಾರದ ಪ್ರಶ್ನೆ ಕೇಳಿದವರಿಗೆ ಸುಳ್ಳು ಹೇಳಬಹುದೇ? ಇದು ಹಳೆಯ ಜಗಳ. ಫ್ರಾನ್ಸಿನ ಬೆಂಜಮಿನ್ ಕಾನ್ಸ್‌ಟಂಟ್, ಸತ್ಯವನ್ನು ಪಡೆಯುವ ಹಕ್ಕು ಇರುವವರಿಗೆ ಮಾತ್ರ ಸತ್ಯ ಹೇಳುವುದು ಕರ್ತವ್ಯ ಎಂದು ವಾದಿಸಿದ. 1797ರಲ್ಲಿ ಕಾಂಟ್ ಅದಕ್ಕೆ ಉತ್ತರ ಬರೆದು, ಗೆಳೆಯನನ್ನು ಕೊಲ್ಲಲು ಹುಡುಕಿಕೊಂಡು ಬಂದವನಿಗೂ ಸುಳ್ಳು ಹೇಳಕೂಡದು ಎಂದ. ಕಾಂಟ್‌ನನ್ನು ಎಷ್ಟೇ ಗೌರವಿಸುವವರೂ ಆ ಜಾಗದಲ್ಲಿ ಸ್ವಲ್ಪ ಕೆಮ್ಮುತ್ತಾರೆ.

ಒಂದು ಪ್ರಶ್ನೆಯ ವಿಷಯದಲ್ಲಿ ನಾನು ಪೂರ್ತಿಯಾಗಿ ಕಾನ್ಸ್‌ಟಂಟ್ ಪಕ್ಷ. ‘ಮದುವೆ ಯಾವಾಗಮ್ಮ?’ ಎಂದು ಸಂದರ್ಶನದಲ್ಲಿ ಕೇಳುವುದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ಕೇಳಿದವರು ದುಷ್ಟರಲ್ಲ, ಮನೆಯ ಹಿರಿಯರ ದನಿಯಲ್ಲೇ ಕೇಳಿದರು. ಮುಂದಿನ ತಿಂಗಳು ನಿಶ್ಚಿತಾರ್ಥವಿದ್ದರೂ ಆ ಹುಡುಗಿ ‘ಸದ್ಯಕ್ಕೆ ಏನೂ ಇಲ್ಲ ಸರ್’ ಎಂದರೆ ಅವಳು ಯಾರಿಗೂ ಏನನ್ನೂ ವಂಚಿಸಿದಂತಲ್ಲ. ಅವಳ ಮದುವೆಗೂ ಅವಳು ಬರೆಯುವ ಕೋಡಿಗೂ ಸಂಬಂಧವಿಲ್ಲ. ‘ಅದು ನಿಮಗೆ ಬೇಡದ ವಿಷಯ’ ಎಂದರೆ ಕೆಲಸ ಹೋಗುತ್ತದೆ. ಸುಮ್ಮನಿದ್ದರೆ ಆ ಮೌನವೇ ಉತ್ತರವಾಗುತ್ತದೆ. ಮೂರನೆಯ ದಾರಿಯನ್ನು ಅವಳಿಗೆ ಯಾರೂ ಉಳಿಸಿಲ್ಲ.

ಸಂಬಳದ ಪ್ರಶ್ನೆ ಇದೇ ಜಾತಿಯದೇ? ಅರ್ಧ ಹೌದು. ಕೇಳುವವರಿಗೆ ಹಕ್ಕಿಲ್ಲ ಎಂದೇ ನನ್ನ ಅಭಿಪ್ರಾಯ. ಆದರೆ ಇಲ್ಲಿ ಮೂರನೆಯ ದಾರಿ ಇರುತ್ತದೆ. ‘ಈ ಕೆಲಸಕ್ಕೆ ನನ್ನ ನಿರೀಕ್ಷೆ ಇಷ್ಟು, ಹಳೆಯದನ್ನು ಹೇಳಲು ಇಷ್ಟವಿಲ್ಲ’ ಎನ್ನಬಹುದು. ನಾನು ಕೂತಿದ್ದ ಸಂದರ್ಶನಗಳಲ್ಲಿ ಹಾಗೆ ಹೇಳಿದವರಿದ್ದರು; ಕೆಲವರಿಗೆ ಕೆಲಸ ಸಿಕ್ಕಿತು, ಕೆಲವರನ್ನು ಎಚ್.ಆರ್.ನವರು ‘ಸಹಕರಿಸಲಿಲ್ಲ’ ಎಂದು ಬರೆದು ಬಿಟ್ಟರು. ಈ ದಾರಿ ಬಲವಿದ್ದವರಿಗೆ ಅಗಲ, ಇಲ್ಲದವರಿಗೆ ಇಕ್ಕಟ್ಟು ಎಂಬುದನ್ನು ಒಪ್ಪಲೇಬೇಕು. ಆದರೂ 4 ಲಕ್ಷವನ್ನು 6 ಎಂದು ಹೇಳಿದ ಸುಳ್ಳು ಅಲ್ಲಿಗೇ ನಿಲ್ಲುವುದಿಲ್ಲ. ಪೇ ಸ್ಲಿಪ್ ತಿದ್ದಬೇಕಾಗುತ್ತದೆ, ಫಾರಂ 16 ತಿದ್ದಬೇಕಾಗುತ್ತದೆ, ಬ್ಯಾಂಕಿನ ಸ್ಟೇಟ್‌ಮೆಂಟು ಬೇಡ ಅನ್ನಿಸಿಕೊಳ್ಳಲು ಹೊಸ ಕಾರಣ ಹುಟ್ಟಿಸಬೇಕಾಗುತ್ತದೆ. ಬಾಯಿಮಾತಾಗಿದ್ದದ್ದು ದಾಖಲೆಯ ತಿದ್ದುಪಡಿಯಾಗಿ, ಆಮೇಲೆ ವರ್ಷಗಟ್ಟಲೆ ಒಂದು ಸಣ್ಣ ಭಯವಾಗಿ ಜೊತೆಗಿರುತ್ತದೆ. ಆ 4 ಲಕ್ಷದವನನ್ನು ಬಯ್ಯುವ ಮನಸ್ಸು ನನಗಿಲ್ಲ. ಪ್ರಶ್ನೆ ಕೇಳಿದವರ ಪಾಲೂ ಅದರಲ್ಲಿದೆ.

ಇನ್ನೊಂದು ಬದಿಯ ಸತ್ಯಸಂಧತೆಯನ್ನೂ ಸ್ವಲ್ಪ ನೋಡಿ. ‘12 ಲಕ್ಷದ ಪ್ಯಾಕೇಜ್’ ಎಂದು ಪತ್ರದಲ್ಲಿ ಬರೆದಿರುತ್ತದೆ. ಅದರಲ್ಲಿ ಕಂಪನಿ ಕಟ್ಟುವ ಪಿ.ಎಫ್. ಇರುತ್ತದೆ, ವರ್ಷದ ಕೊನೆಗೆ ಬಂದರೆ ಬಂತು ಎನ್ನುವ ವೇರಿಯಬಲ್ ಇರುತ್ತದೆ, ಎಷ್ಟೋ ಕಡೆ ಮೂಲ ವೇತನದ ಶೇ. 4.81ರಷ್ಟು ಗ್ರಾಚ್ಯುಟಿಯೂ ಇರುತ್ತದೆ. ಗ್ರಾಚ್ಯುಟಿ ಸಾಮಾನ್ಯವಾಗಿ ಐದು ವರ್ಷ ಸೇವೆ ಮುಗಿಸಿದವರ ಹಣ. ಎರಡೇ ವರ್ಷಕ್ಕೆ ಜನ ಬಿಡುತ್ತಾರೆಂದು ಚೆನ್ನಾಗಿ ಗೊತ್ತಿದ್ದೂ ಅದನ್ನು ಸಂಬಳದ ಲೆಕ್ಕಕ್ಕೆ ಸೇರಿಸಿ ತೋರಿಸುವುದನ್ನು ಯಾರೂ ಸುಳ್ಳು ಎನ್ನುವುದಿಲ್ಲ, ಅದಕ್ಕೆ ಸಿ.ಟಿ.ಸಿ. ಎಂಬ ಮೂರಕ್ಷರದ ಹೆಸರಿದೆ.

ಈಗ ಸಂಚಕಾರಕ್ಕೆ ಬರೋಣ. ಒಪ್ಪಿದ ಮೇಲೆ ಬಿಡುವುದು.

ಕಾಂಟ್ 1785ರ ತನ್ನ ಪುಸ್ತಕದಲ್ಲಿ ಕೊಡುವ ಒಂದು ಉದಾಹರಣೆ ಪ್ರಸಿದ್ಧ. ಹಣದ ಅಡಚಣೆಯಲ್ಲಿರುವವನೊಬ್ಬ, ತೀರಿಸಲಾಗದೆಂದು ಗೊತ್ತಿದ್ದೂ ತೀರಿಸುತ್ತೇನೆಂದು ಮಾತು ಕೊಟ್ಟು ಸಾಲ ಪಡೆಯುತ್ತಾನೆ. ಇಲ್ಲಿನ ತಪ್ಪು ಸಾಲ ತೀರದೇ ಇದ್ದದ್ದಲ್ಲ, ಮಾತು ಕೊಡುವಾಗಲೇ ಅದು ಟೊಳ್ಳಾಗಿದ್ದದ್ದು. ನನಗೆ ಈ ವ್ಯತ್ಯಾಸ ಬಹಳ ಮುಖ್ಯ ಅನ್ನಿಸುತ್ತದೆ. ಒಬ್ಬಾಕೆ ಮನಸ್ಸಿಟ್ಟು ಒಪ್ಪಿರುತ್ತಾಳೆ. ಐವತ್ತನೆಯ ದಿನ ಅಮ್ಮನಿಗೆ ಪಾರ್ಶ್ವವಾಯು ಬಡಿದು ಮೈಸೂರಿನಲ್ಲೇ ಇರಬೇಕಾಗುತ್ತದೆ. ಅಥವಾ, ಅಷ್ಟು ದೊಡ್ಡ ಕಾರಣವೇನೂ ಇಲ್ಲದೆ, ಅವಳು ಹತ್ತು ವರ್ಷದಿಂದ ಕನಸಿದ ಕೆಲಸವೇ ಕರೆದುಬಿಡುತ್ತದೆ. ಅವಳು ಮಾತು ಮುರಿಯುತ್ತಾಳೆ. ಮುರಿದ ಮಾತಿಗೂ ಹುಸಿ ಮಾತಿಗೂ ಅಂತರವಿದೆ. ಮುರಿದವಳು ಫೋನ್ ಮಾಡುತ್ತಾಳೆ, ತಲೆತಗ್ಗಿಸಿ ಕ್ಷಮೆ ಕೇಳುತ್ತಾಳೆ, ಅದೇ ದಿನ. ಹುಸಿ ಮಾತಿನವನಿಗೆ ಹೇಳಲು ವಿಷಯವೇ ಇರುವುದಿಲ್ಲ. ಅವನ ‘ಒಪ್ಪಿದ್ದೇನೆ’ ಎಂಬುದರ ಅರ್ಥ ಮೊದಲ ದಿನದಿಂದಲೂ ‘ಬೇರೆ ಸಿಗುವವರೆಗೆ ನೀವಿರಿ’ ಎಂದೇ ಇತ್ತು. ಅವನು ಸೇರುವ ದಿನ ಬೆಳಿಗ್ಗೆ ಫೋನ್ ಆಫ್ ಮಾಡುತ್ತಾನೆ.

ಇದರಿಂದ ಕಂಪನಿಗಾದ ನಷ್ಟ ಎಂದು ನಾವು ಲೆಕ್ಕ ಹಾಕುತ್ತೇವೆ, ಹಾಕಿ ಸಮಾಧಾನ ಮಾಡಿಕೊಳ್ಳುತ್ತೇವೆ. ಕೋಟಿಗಟ್ಟಲೆ ವಹಿವಾಟಿನವರಿಗೆ ಒಬ್ಬ ಬಾರದಿದ್ದರೆ ಏನು? ಸರಿಯೇ, ಕಂಪನಿಗೆ ಏನೂ ಆಗುವುದಿಲ್ಲ. ಆದರೆ ಕಂಪನಿಗೆ ಕಣ್ಣಿಲ್ಲ, ಕಿವಿಯಿಲ್ಲ, ಯಾರೂ ಕಂಪನಿಗೆ ಸುಳ್ಳು ಹೇಳಲಾರರು. ಆ ಮೂರು ತಿಂಗಳು ವಾರಕ್ಕೊಮ್ಮೆ ಫೋನ್ ಮಾಡಿ ‘ಸರ್, ರಿಲೀವಿಂಗ್ ಡೇಟ್ ಕನ್ಫರ್ಮ್ ಆಯ್ತಾ?’ ಎಂದು ಕೇಳಿದ್ದು ಗುತ್ತಿಗೆಯ ಮೇಲಿರುವ 25 ವರ್ಷದ ಹುಡುಗಿ. ಎಷ್ಟು ಜನ ಸೇರಿದರು ಎಂಬುದರ ಮೇಲೆ ಅವಳ ಗುತ್ತಿಗೆಯ ಮುಂದಿನ ಆರು ತಿಂಗಳು ನಿಂತಿರುತ್ತದೆ. ಸುಳ್ಳು ಹೇಳಿದ್ದು ಅವಳಿಗೆ.

ಅವಳ ಹಿಂದೆ ಇನ್ನೊಬ್ಬರಿರುತ್ತಾರೆ. ಒಂದು ಪ್ರಸಂಗ ನೆನಪಿದೆ. ಒಂದೇ ಹುದ್ದೆಗೆ ಕೊನೆಯ ಸುತ್ತಿನಲ್ಲಿ ಇಬ್ಬರು ಉಳಿದಿದ್ದರು. ಇಬ್ಬರೂ ಚೆನ್ನಾಗಿದ್ದರು, ತೂಗಿ ನೋಡಿ ಒಬ್ಬನನ್ನು ಆರಿಸಿದೆವು. ಅವನು ಒಪ್ಪಿ ಸಹಿ ಹಾಕಿದ. ಎರಡನೆಯವನಿಗೆ, ಹೊಸಪೇಟೆ ಕಡೆಯವನು, ವಿನಯದಿಂದ ಇಲ್ಲವೆಂದು ತಿಳಿಸಲಾಯಿತು. 87ನೆಯ ದಿನ ಮೊದಲನೆಯವನಿಂದ ಎರಡು ಸಾಲಿನ ವಾಟ್ಸಾಪ್ ಬಂತು. ಮಾರನೆಯ ದಿನವೇ ಹೊಸಪೇಟೆಯವನಿಗೆ ಫೋನ್ ಹೋಯಿತು. ಕೆಲಸವಿಲ್ಲದೆ ಹೆಚ್ಚು ದಿನ ಕಾಯಲಾಗದೆ ಅವನು ಇದಕ್ಕಿಂತ ತೀರಾ ಕಡಿಮೆಯ ಒಂದು ಕಡೆ ಬಾಂಡ್ ಬರೆದುಕೊಟ್ಟು ಸೇರಿ ಆಗಿತ್ತು. ‘ಮೊದಲೇ ಗೊತ್ತಾಗಿದ್ದಿದ್ರೆ ಚೆನ್ನಾಗಿತ್ತು ಸರ್’ ಎಂದನಂತೆ, ಅಷ್ಟೇ. ಇವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ತಾನು ಯಾರ ಜಾಗದಲ್ಲಿ ಮೂರು ತಿಂಗಳು ಟವೆಲ್ ಹಾಕಿಟ್ಟಿದ್ದೆ ಎಂಬುದು ಮೊದಲನೆಯವನಿಗೆ ಇಂದಿಗೂ ತಿಳಿದಿರಲಿಕ್ಕಿಲ್ಲ.

ಇಷ್ಟು ಹೇಳಿದ ಕೂಡಲೇ ಎದುರಾಗುವ ಮಾತು ಗೊತ್ತಿದೆ: ಅವರು ಮುರಿದಾಗ? ನ್ಯಾಯವಾದ ಮಾತು. 2022ರಿಂದೀಚೆಗೆ ಕ್ಯಾಂಪಸ್‌ನಲ್ಲಿ ಆರಿಸಿದ ಮಕ್ಕಳನ್ನು ಒಂದು ವರ್ಷಕ್ಕೂ ಹೆಚ್ಚು ಕಾಲ ಕೆಲಸಕ್ಕೆ ಕರೆಯದೆ ಕಾಯಿಸಿದ ಸುದ್ದಿಗಳನ್ನು ಓದಿದ್ದೇವೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ದೊಡ್ಡ ಕಂಪನಿಯೊಂದು, ವರ್ಷಕ್ಕೆ 6.5 ಲಕ್ಷ ಎಂದು ಹೇಳಿ ತಿಂಗಳುಗಟ್ಟಲೆ ಕಾಯಿಸಿದ್ದ ಹೊಸಬರಿಗೆ, 3.5 ಲಕ್ಷಕ್ಕೆ ಬರುತ್ತೀರಾ ಎಂದು ಮಿಂಚಂಚೆ ಕಳಿಸಿದ್ದು ಪತ್ರಿಕೆಗಳಲ್ಲಿ ಬಂತು.

ನಮಗೆಲ್ಲ ಬಾಲ್ಯದಲ್ಲಿ ಮಾತಿನ ಪಾಠ ಹೇಳಿದವಳು ಪುಣ್ಯಕೋಟಿ. ತನ್ನನ್ನು ತಿನ್ನುವ ಹುಲಿಗೂ ಕೊಟ್ಟ ಮಾತು ಉಳಿಸಿಕೊಂಡವಳು. ಆ ಕಥೆಯನ್ನು ನೌಕರನಿಗೆ ಹೇಳಿದರೆ ಮಾಲೀಕನಿಗೆ ಅನುಕೂಲ ಎಂಬ ಅನುಮಾನ ನನಗೆ ಮೊದಲಿಂದಲೂ ಇದೆ. ನಮ್ಮ ಹುಲಿಗಳು ಪಶ್ಚಾತ್ತಾಪಪಟ್ಟು ಪ್ರಾಣ ಬಿಡುವ ಪೈಕಿ ಅಲ್ಲ. ಪುಣ್ಯಕೋಟಿ ಮಾಡಿದ್ದು ಕರ್ತವ್ಯಕ್ಕಿಂತ ಮೇಲಿನದು. ಅದನ್ನು ಕೊಂಡಾಡಬಹುದೇ ಹೊರತು ಇನ್ನೊಬ್ಬರಿಂದ ವಸೂಲಿ ಮಾಡಲಾಗದು. ಒಂದು ಕಡೆಯವರು ಷರತ್ತು ಬದಲಿಸಿದರೆ ಇನ್ನೊಂದು ಕಡೆಯವರ ಮಾತು ಬಿಡುಗಡೆಯಾಗುತ್ತದೆ. 6.5 ಎಂದು ಕರೆದು 3.5 ಎಂದವರನ್ನು ಬಿಟ್ಟು ಹೋಗಲು ಯಾರ ಅಪ್ಪಣೆಯೂ ಬೇಡ. ಆದರೆ ಆ ಕಂಪನಿ ಮುರಿಯಿತೆಂದು ಈ ಕಂಪನಿಗೆ ಹುಸಿ ಮಾತು ಕೊಡುವುದು, ಪಕ್ಕದ ಬೀದಿಯವನು ಮೋಸ ಮಾಡಿದನೆಂದು ಈ ಬೀದಿಯವನ ಚಪ್ಪಲಿ ಹಾಕಿಕೊಂಡು ಹೋದಂತೆ. ಇನ್ನೊಂದು ವಿಷಯ: ಪುಣ್ಯಕೋಟಿಗೆ ಆ ಮಾತಿನಿಂದ ಕರುವಿಗೆ ಹಾಲೂಡಿಸುವಷ್ಟು ಸಮಯ ಸಿಕ್ಕಿತ್ತು. ಆಫರ್ ಒಪ್ಪಿದವನಿಗೂ ಸಿಕ್ಕಿರುತ್ತದೆ. ಮೂರು ತಿಂಗಳ ನೆಮ್ಮದಿಯ ನಿದ್ದೆ, ಎರಡನೆಯವರೆದುರು ಇಡಲು ಒಂದು ಪತ್ರ. ಪುಕ್ಕಟೆ ಸಿಕ್ಕಿದ್ದಲ್ಲ ಅದು, ಮಾತಿನ ಬೆಲೆಗೆ ಸಿಕ್ಕಿದ್ದು.

ಈ ವಿಷಯದಲ್ಲಿ ಎಂಜಿನಿಯರಿಂಗ್ ಕಾಲೇಜುಗಳು ನಮಗಿಂತ ಸ್ವಲ್ಪ ಮುಂದಿವೆ. ಒಬ್ಬರಿಗೆ ಒಂದೇ ಕೆಲಸ ಎಂಬ ನಿಯಮ ಅನೇಕ ಕಡೆ ಇದೆ; ಆಫರ್ ಸಿಕ್ಕವರು ಮುಂದಿನ ಕಂಪನಿಗೆ ಕೂರುವಂತಿಲ್ಲ, ಉಳಿದವರಿಗೆ ಜಾಗ ಬಿಡಬೇಕು. ಕೆಲವು ಕಾಲೇಜುಗಳಲ್ಲಿ ಅದಕ್ಕೊಂದು ವಿನಾಯಿತಿ: ಸಂಬಳ ಇಂತಿಷ್ಟಕ್ಕಿಂತ ಹೆಚ್ಚಿರುವ ‘ಡ್ರೀಮ್’ ಕಂಪನಿ ಬಂದರೆ ಇನ್ನೊಮ್ಮೆ ಪ್ರಯತ್ನಿಸಬಹುದು. ಬರುವ ಕಂಪನಿಗಳಿಗೂ ಇದು ಮೊದಲೇ ತಿಳಿದಿರುತ್ತದೆ. ಹಾಗಾಗಿ ಅಲ್ಲಿ ಬಿಟ್ಟುಹೋದವರನ್ನು ಯಾರೂ ಮಾತು ತಪ್ಪಿದವರು ಎನ್ನುವುದಿಲ್ಲ. ಹೋಗುವುದರಲ್ಲಿ ತಪ್ಪಿಲ್ಲ, ಬಾಗಿಲು ಎಲ್ಲರಿಗೂ ಕಾಣುವಂತಿರಬೇಕು. ನಿಯಮ ಮುರಿದು ಕದ್ದು ಹೋದವರ ಲೆಕ್ಕವನ್ನು ಮಾತ್ರ ಮುಂದಿನ ವರ್ಷದ ಬ್ಯಾಚು ತೀರಿಸುತ್ತದೆ. ಕಂಪನಿ ಆ ಕಾಲೇಜಿಗೇ ಬರುವುದು ನಿಲ್ಲಿಸುತ್ತದೆ.

ಕಳೆದ ವರ್ಷ ತುಮಕೂರಿನ ಕಾಲೇಜೊಂದರಲ್ಲಿ ಕೊನೆಯ ವರ್ಷದ ವಿದ್ಯಾರ್ಥಿಗಳ ಜೊತೆ ಇದನ್ನೆಲ್ಲ ಮಾತಾಡುತ್ತಿದ್ದೆ. ಹಿಂದಿನ ಬೆಂಚಿನಿಂದ ಒಬ್ಬಳು ಎದ್ದಳು.

‘ಸರ್, ನಮ್ಮ ಸೀನಿಯರ್ಸ್‌ಗೆ ಆಫರ್ ಕೊಟ್ಟು 14 ತಿಂಗಳಾದ್ರೂ ಕರೀಲಿಲ್ಲ. ನಮಗೂ ಹಾಗೇ ಆದ್ರೆ ಸುಮ್ನೆ ಕಾಯ್ಬೇಕಾ?’

‘ಬೇಡಮ್ಮ. ಯಾವ ತಾರೀಖಿಗೆ ಕರೀತೀರಿ ಅಂತ ಬರೆದು ಕೇಳು. ಆ ತಾರೀಖು ದಾಟಿದ್ರೆ ನಾನು ಬೇರೆ ಕಡೆ ನೋಡ್ತೀನಿ ಅಂತಲೂ ಅದರಲ್ಲೇ ಬರಿ. ಆಮೇಲೆ ನೋಡು. ಕದ್ದು ನೋಡಬೇಡ.’

‘ಹಾಗೆ ಬರೆದಿದ್ದಕ್ಕೇ ಆಫರ್ ಹೋಗ್ಬಿಟ್ರೆ?’

‘ಹೋಗಬಹುದು’ ಎಂದೆ.

ಅವಳು ಒಂದು ಕ್ಷಣ ನಿಂತೇ ಇದ್ದಳು. ಪಕ್ಕದವಳು ಏನೋ ಪಿಸುಗುಟ್ಟಿದಳು. ಆಮೇಲೆ ಕೂತು, ಪುಸ್ತಕ ತೆರೆದು, ‘ತಾರೀಖು ಅಂದ್ರೆ ಎಷ್ಟು ದಿನ ಕೊಡ್ಬೇಕು ಸರ್?’ ಎಂದು ಕೇಳಿದಳು.